ಹಿಂದೆ ಹೇಳುವವರು

ಸೀರೆಗಳಿಗೆ ಉಡುವುದು ಮತ್ತು ಬೀರುವಿನಲ್ಲಿ ಇಡುವುದು ಎಂಬ ಎರಡು ಉಪಯೋಗಗಳು ಮಾತ್ರ ನನಗೆ ಗೊತ್ತಿದ್ದವು. ಮೂರನೆಯದು ಗೊತ್ತಾಗುವ ಹೊತ್ತಿಗೆ ನನಗೆ ಐವತ್ತೈದು ತುಂಬಿತ್ತು. ಒಂದು ಚಿಕ್ಕ ಕೋಣೆಯಲ್ಲಿ ನಾಲ್ಕೂ ಕಡೆ ಹಗ್ಗ ಕಟ್ಟಿ, ಎರಡು ಕಂಬಳಿ, ಒಂದು ಜಮಖಾನ, ಅವುಗಳ ಮುಂದೆ ಮಡಿಕೆ ಮಡಿಕೆಯಾಗಿ ಹಳೆಯ ಸೀರೆಗಳನ್ನು ಇಳಿಬಿಟ್ಟು, ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಆ ಚಪ್ಪಾಳೆ ತಟ್ಟಿದಲ್ಲಿಯೇ ಸತ್ತು ಬೀಳುತ್ತದೆ. ಮೂವತ್ತು ವರ್ಷ ಪಾಠ ಹೇಳಿ, ತರಗತಿಯ ಗದ್ದಲ ಅಡಗಿಸಲು ಗಂಟಲು ಹರಿದುಕೊಂಡವಳು ನಾನು. ಈ ವಿದ್ಯೆ ಮೊದಲೇ ಗೊತ್ತಿದ್ದರೆ ಶಾಲೆಯ ಗೋಡೆ ತುಂಬ ಸೀರೆ ತೂಗುಹಾಕಿಸುತ್ತಿದ್ದೆನಲ್ಲ ಎನ್ನಿಸಿದ್ದುಂಟು. ಸೀರೆಯ ಕಥೆ ಆಮೇಲೆ ಬರುತ್ತದೆ, ಮೊದಲು ಅಮ್ಮನದು.

ನನ್ನ ಅಮ್ಮ ಸೋಬಾನೆ ಹೇಳುವವಳು. ಹಾಡುವವಳು ಎಂದರೆ ಅವಳಿಗೆ ಸಿಟ್ಟು ಬರುತ್ತದೆ. ಹಾಡುವುದು ರೇಡಿಯೋದವರು, ಸಿನಿಮಾದವರು. ಸೋಬಾನೆಯನ್ನು ಹೇಳುತ್ತಾರೆ, ಅಷ್ಟೇ. ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಸುತ್ತ ನಾಲ್ಕಾರು ಹಳ್ಳಿಗಳ ಮದುವೆಗೆ ಅಮ್ಮನಿಗೂ ಚಿಕ್ಕಮ್ಮನಿಗೂ ಕರೆ ಬರುತ್ತಿತ್ತು. ಅರಿಶಿಣ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಧಾರೆಗೆ ಒಂದು, ಕೊನೆಗೆ ಹೆಣ್ಣು ಒಪ್ಪಿಸುವಾಗ ಒಂದು. ಅಮ್ಮ ಮುಂದೆ ಹೇಳುವವಳು, ಚಿಕ್ಕಮ್ಮ ಹಿಂದೆ ಹೇಳುವವಳು. ಅಮ್ಮ ಸಾಲನ್ನು ಎತ್ತಿ ಬಿಟ್ಟ ಕೂಡಲೆ ಚಿಕ್ಕಮ್ಮ ಅದನ್ನು ಹಿಡಿದುಕೊಳ್ಳುತ್ತಿದ್ದಳು. ಅವಳ ಜೊತೆಗೆ ಇನ್ನೂ ಮೂರು ನಾಲ್ಕು ಹೆಂಗಸರು. ಆ ಹೊತ್ತಿನಲ್ಲಿ ಅಮ್ಮ ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಸಿದ್ಧವಾಗುತ್ತಿದ್ದಳು. ಎಲೆ ಅಡಿಕೆ ಹಾಕಿಕೊಳ್ಳುವುದಕ್ಕೂ ಅಷ್ಟೇ ಬಿಡುವು. ಚಿಕ್ಕಮ್ಮ 2021ರ ಮೇ ತಿಂಗಳಲ್ಲಿ ಕೊರೋನಾದಲ್ಲಿ ಹೋದಳು. ಆಮೇಲೆ ಅಮ್ಮ ಯಾವ ಮದುವೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಊರಿನ ಮನೆಗೆ ಬೀಗ ಹಾಕಿ ಶಿವಮೊಗ್ಗದಲ್ಲಿ ನನ್ನ ಜೊತೆಗೇ ಇದ್ದಾಳೆ.

2023ರಲ್ಲಿ ಅಣ್ಣನ ಮಗಳ ಮದುವೆ ಗೊತ್ತಾಯಿತು. ಮದುಮಗಳದು ಒಂದೇ ಹಟ, ಅಜ್ಜಿಯ ಸೋಬಾನೆ ಬೇಕು. ಎಂಬತ್ತನಾಲ್ಕರ ಅಜ್ಜಿ ಕಲ್ಯಾಣಮಂಟಪದಲ್ಲಿ ಕೂತು ಇಡೀ ದಿನ ಹೇಳುವುದು ಆಗದ ಮಾತು. ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡು ಮದುವೆಯ ದಿನ ಹಾಕಿದರಾಯಿತು ಎಂದು ನಾನು ಹೇಳಿದೆ. ಹೇಳಿದವಳ ತಲೆಗೇ ಕೆಲಸ ಬಂತು.

ಮೊದಲ ಪ್ರಯತ್ನ ನಮ್ಮ ಮನೆಯ ಹಜಾರದಲ್ಲಿ, ನನ್ನ ಮೊಬೈಲಿನಲ್ಲಿ. ಹಜಾರ ಎಂದರೆ ನೆಲಕ್ಕೆ ನುಣುಪು ಟೈಲ್ಸ್, ಎರಡು ಕಡೆ ಗಾಜಿನ ಕಿಟಕಿ, ಮೇಲೆ ಕಾಂಕ್ರೀಟಿನ ಸೂರು. ಮಾತಾಡಿದರೆ ದನಿ ತುಂಬಿಕೊಂಡು ಕೇಳುತ್ತದೆ, ಹಾಗಾಗಿ ಹಾಡಿಗೆ ಪ್ರಶಸ್ತವಾದ ಜಾಗ ಎಂದು ನನ್ನ ಲೆಕ್ಕಾಚಾರ. ಸಾಲದ್ದಕ್ಕೆ ಮೊಬೈಲಿನ ಆ್ಯಪಿನಲ್ಲಿ ‘ಸ್ಟುಡಿಯೋ’ ಎಂದೂ ‘ಕಾನ್ಸರ್ಟ್’ ಎಂದೂ ಗುಂಡಿಗಳಿದ್ದವು. ಎರಡನೆಯದನ್ನು ಒತ್ತಿದೆ. ಅಮ್ಮ ಅವತ್ತು ಯಾವ ಗುಂಗಿನಲ್ಲಿದ್ದಳೋ, ಮೂರು ಹಾಡನ್ನು ಒಂದೇ ಓಟದಲ್ಲಿ ಹೇಳಿದಳು. ಮೂರನೆಯದು ಹೆಣ್ಣು ಒಪ್ಪಿಸುವ ಹಾಡು, ಹದಿಮೂರು ನುಡಿ, ಒಂದೂ ತಪ್ಪದೆ. ಅದನ್ನು ಕುಟುಂಬದ ವಾಟ್ಸಾಪಿಗೆ ಹಾಕಿದೆ. ಕೈಮುಗಿದ ಚಿತ್ರಗಳು, ಹೂವುಗಳು, ಕಣ್ಣೀರಿನ ಮುಖಗಳು ಸುರಿದವು. ಒಬ್ಬರಂತೂ ಅಮ್ಮನನ್ನು ದೊಡ್ಡ ಗಾಯಕಿಯರ ಸಾಲಿಗೆ ಸೇರಿಸಿಬಿಟ್ಟರು. ಉಬ್ಬಿಹೋಗಿ ಅಮ್ಮನಿಗೂ ಕೇಳಿಸಿದೆ. ಅವಳು ಮೊಬೈಲನ್ನು ಒಳ್ಳೆಯ ಕಿವಿಗೆ ಹಿಡಿದು ಒಂದು ನುಡಿ ಕೇಳಿ, ವಾಪಸು ಕೊಟ್ಟಳು.

“ಬಾವಿಗೆ ಬಿದ್ದ ಕೊಡದ ಹಾಂಗೆ ಕೇಳ್ತದಲ್ಲೇ ಮಾರಾಯ್ತಿ. ಯಾರದು?”

ಅಣ್ಣನ ಮಗ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ದನಿಮುದ್ರಣದ ಕೆಲಸ ಮಾಡುತ್ತಾನೆ. ಆ ರಾತ್ರಿಯೇ ಅವನ ಫೋನು ಬಂತು. “ಅತ್ತೆ, ಒರಿಜಿನಲ್ ಇದೆಯಾ?” ಅಂದ. “ಕಳಿಸಿದೆನಲ್ಲ, ಅದೇ ಒರಿಜಿನಲ್ಲು.” “ಅದಲ್ಲ, ಎಫೆಕ್ಟ್ ಹಾಕದೇ ಇದ್ದದ್ದು.” ಆ ಆ್ಯಪು ಎಫೆಕ್ಟ್ ಹಾಕದ್ದನ್ನು ಇಟ್ಟುಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆವಾಗಲೇ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ರಿವರ್ಬ್ ಅನ್ನೋದು ಉಪ್ಪಿನ ಹಾಗೆ ಅತ್ತೆ. ಆಮೇಲೆ ಎಷ್ಟು ಬೇಕಾದ್ರೂ ಹಾಕಬಹುದು, ಹಾಕಿದ್ದನ್ನ ತೆಗೆಯೋಕಾಗಲ್ಲ” ಅಂದ. ತೆಗೆಯುವುದಕ್ಕೂ ಈಗ ಸಾಫ್ಟ್‌ವೇರುಗಳಿವೆಯಂತೆ, ಅವನು ಪ್ರಯತ್ನವನ್ನೂ ಮಾಡಿದ. ಗುಂಯ್‌ಗುಡುವುದು ಕಡಿಮೆಯಾಯಿತು ನಿಜ, ಅದರ ಜೊತೆಗೆ ಅಮ್ಮನ ದನಿಯ ತಿರುಳೂ ಹೋಗಿ, ರಟ್ಟಿನ ಡಬ್ಬಿಯೊಳಗಿಂದ ಯಾರೋ ಮಾತಾಡಿದಂತೆ ಕೇಳಿತು. ಹೋಗಲಿ, ಇನ್ನೊಮ್ಮೆ ಹೇಳಿಸಿದರಾಯಿತು ಎಂದುಕೊಂಡೆವು. ಆ ಮಳೆಗಾಲದಲ್ಲಿ ಅಮ್ಮನಿಗೆ ಹದಿನೈದು ದಿನ ಜ್ವರ ಬಂತು. ಎದ್ದ ಮೇಲೆ ಒಪ್ಪಿಸುವ ಹಾಡು ನಾಲ್ಕನೆಯ ನುಡಿಗೆ ನಿಂತುಹೋಯಿತು. ಮುಂದಿನದು ಬರಲಿಲ್ಲ. “ಮುಂದಿಂದು ಅವಳು ನೆನಪು ಮಾಡ್ತಿದ್ಲು” ಅಂದಳು ಅಮ್ಮ, ಚಿಕ್ಕಮ್ಮನನ್ನು ಕುರಿತು.

ಅಲ್ಲಿಂದ ನನಗೆ ಈ ರಿವರ್ಬ್ ಎಂಬುದರ ಬೆನ್ನು ಹತ್ತುವ ಹುಚ್ಚು ಹಿಡಿಯಿತು. ನಾನು ಕನ್ನಡ ಮೇಡಂ, ವಿಜ್ಞಾನ ನನಗೆ ದೂರ. ನಮ್ಮ ಸ್ಟಾಫ್‌ರೂಮಿನ ವಿಜ್ಞಾನದ ಮೇಷ್ಟರು ಟಿಫಿನ್ ಡಬ್ಬಿ ಮುಚ್ಚಿಟ್ಟು ಅರ್ಧ ಗಂಟೆ ಪಾಠ ಮಾಡಿದರು. ದನಿ ಒಂದು ಸೆಕೆಂಡಿಗೆ ಸುಮಾರು 344 ಮೀಟರ್ ಹೋಗುತ್ತದೆ. ಎದುರಿನ ಗೋಡೆ 17 ಮೀಟರಿಗಿಂತ ಆಚೆ ಇದ್ದರೆ, ಹೋಗಿಬಂದ ದನಿ ಬೇರೆಯಾಗಿ ಕೇಳುತ್ತದೆ. ಅದು ಪ್ರತಿಧ್ವನಿ. ಗೋಡೆಗಳು ಹತ್ತಿರವಿದ್ದರೆ ಹೋದದ್ದು ಬಂದದ್ದು ಒಂದರ ಮೇಲೊಂದು ಬಿದ್ದು, ಸಾವಿರ ಸಣ್ಣ ಮಾರ್ದನಿಗಳು ಕಲಸಿಕೊಂಡು ಒಂದು ಬಾಲದ ಹಾಗೆ ಎಳೆಯುತ್ತವೆ. ಅದು ಅನುರಣನ, ಹುಡುಗರ ಬಾಯಲ್ಲಿ ರಿವರ್ಬ್. ಪ್ರತಿಧ್ವನಿಯ ಬಗ್ಗೆ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಪ್ರವಾಸ ಎಂದು ಮಕ್ಕಳನ್ನು ವಿಜಯಪುರದ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದ ಯಾವ ಶಿಕ್ಷಕಿಗೂ ಅದು ಗೊತ್ತು. ಒಂದು ಕೂಗು ಏಳು ಸಲ ಮರುಕಳಿಸುತ್ತದೆ ಎಂದು ಗೈಡುಗಳು ಹೇಳುವುದು ಒಂದು ಮಗು ಕೂಗಿದಾಗಿನ ಲೆಕ್ಕ. ನಲವತ್ತೆಂಟು ಮಕ್ಕಳು ಒಟ್ಟಿಗೆ ತಂತಮ್ಮ ಹೆಸರು ಕೂಗಿದಾಗ ಆ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಹಾಜರಿ ಕರೆದು ನೋಡಬೇಕು. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನು ಆ ಕೆಳಗೆ ಹೇಗೆ ಮಲಗಿದ್ದಾನೋ ಎಂದು ನನಗೆ ಪ್ರತಿ ಸಲವೂ ಮರುಕ ಬರುತ್ತದೆ.

ನನಗೆ ತುಂಬ ಹಿಡಿಸಿದ್ದು ಮೇಷ್ಟರು ಹೇಳಿದ ಇನ್ನೊಂದು ಕಥೆ. 1895ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಹೊಸದಾಗಿ ಕಟ್ಟಿದ ಫಾಗ್ ಮ್ಯೂಸಿಯಮ್ಮಿನ ಭಾಷಣದ ಹಾಲಿನಲ್ಲಿ ಮೇಷ್ಟರು ಮಾತಾಡಿದರೆ ಹುಡುಗರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಒಂದು ಮಾತು ಐದೂವರೆ ಸೆಕೆಂಡು ಹಾಲಿನಲ್ಲಿ ಸುತ್ತುತ್ತಿತ್ತು. ಅಷ್ಟರಲ್ಲಿ ಹತ್ತು ಹದಿನೈದು ಪದ ಹೊರಬಿದ್ದಿರುತ್ತವಲ್ಲ! ಸರಿಪಡಿಸು ಎಂದು ವ್ಯಾಲೇಸ್ ಸಬೀನ್ ಎಂಬ ತರುಣ ಮೇಷ್ಟರಿಗೆ ಒಪ್ಪಿಸಿದರು. ಅವನು ಹತ್ತಿರದ ಸ್ಯಾಂಡರ್ಸ್ ನಾಟಕಶಾಲೆಯ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಲಿನಲ್ಲಿ ಹರಡಿ, ಒಂದು ಆರ್ಗನ್ ಕೊಳವೆಯನ್ನು ಊದಿಸಿ, ದನಿ ಅಡಗುವವರೆಗೆ ಗಡಿಯಾರ ಹಿಡಿದು ಕೂರುತ್ತಿದ್ದ. ಎಷ್ಟು ಮೆತ್ತೆಗೆ ಎಷ್ಟು ಹೊತ್ತು ಕಡಿಮೆಯಾಯಿತು ಎಂದು ಬರೆದಿಟ್ಟು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಮತ್ತೆ ಹೊತ್ತು ಹಾಕುವುದು. ಹೀಗೆ ಹೊತ್ತು ಹೊತ್ತು ಹುಟ್ಟಿದ್ದು ಅನುರಣನದ ಶಾಸ್ತ್ರ. ಕೋಣೆ ದೊಡ್ಡದಾದಷ್ಟೂ ಬಾಲ ಉದ್ದ, ಮೆತ್ತಗಿನ ಸಾಮಾನು ಹೆಚ್ಚಾದಷ್ಟೂ ಬಾಲ ಗಿಡ್ಡ. ಇದನ್ನು ಕೇಳಿದ ಸಂಜೆಯೇ ನಾನು ಬೀರು ತೆಗೆದದ್ದು. ಸಬೀನನಿಗೆ ಮೆತ್ತೆ, ನನಗೆ ಸೀರೆ.

ಊರಿನ ಹಳೆಯ ಮನೆಯಲ್ಲಿ ದನಿ ಯಾಕೆ ಅಷ್ಟು ಹಿತವಾಗಿ ಕೇಳುತ್ತಿತ್ತು ಎಂಬುದೂ ಆಗ ತಿಳಿಯಿತು. ಮಣ್ಣಿನ ಗೋಡೆ, ಮರದ ಮುಚ್ಚಿಗೆ, ಅಟ್ಟದ ತುಂಬ ಭತ್ತದ ಚೀಲ, ಜಗಲಿಯ ಒಂದು ಕಡೆ ಅಂಗಳಕ್ಕೆ ಬಟ್ಟಬಯಲು. ದನಿ ಹೋಗಿ ಒರಟು ಗೋಡೆಗೆ ಸವರಿ, ಹರಿತವನ್ನು ಅಲ್ಲೇ ಬಿಟ್ಟು, ಬೆಚ್ಚಗಾಗಿ ಹಿಂದಿರುಗುತ್ತಿತ್ತು. ಶಿವಮೊಗ್ಗದ ನಮ್ಮ ಹಜಾರ ದನಿಯನ್ನು ಕಪಾಳಕ್ಕೆ ಹೊಡೆದು ವಾಪಸು ಕಳಿಸುತ್ತದೆ.

ದೀಪಾವಳಿ ರಜೆಯಲ್ಲಿ ಅಣ್ಣನ ಮಗ ಮೈಕು, ಹೆಡ್‌ಫೋನು, ಲ್ಯಾಪ್‌ಟಾಪು, ಒಂದು ಸಣ್ಣ ಪೆಟ್ಟಿಗೆ ಎಲ್ಲವನ್ನೂ ಹೊತ್ತುಕೊಂಡು ಬಂದ. ಸೀರೆಯ ಕೋಣೆ ನೋಡಿ ಮೆಚ್ಚಿಕೊಂಡ. ಸೂರಿಗೂ ಏನಾದರೂ ಕಟ್ಟಬೇಕಿತ್ತು ಎಂದು ಒಂದು ಕೊಂಕೂ ತೆಗೆದ. ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಟ್ಟ. ನೇರ ಇಟ್ಟರೆ ಪ, ಫ, ಬ, ಭ ಬಂದಾಗಲೆಲ್ಲ ಗಾಳಿ ನುಗ್ಗಿ ಧೊಪ್ ಎಂದು ಗುದ್ದುತ್ತದಂತೆ. ನನಗೆ ನಗು ಬಂತು. ಮಹಾಪ್ರಾಣ ಉಚ್ಚರಿಸಿ, ಮಹಾಪ್ರಾಣ ಉಚ್ಚರಿಸಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಬಡಿದುಕೊಂಡಿದ್ದೇನೆ. ಜಗತ್ತಿನಲ್ಲಿ ಮಹಾಪ್ರಾಣವನ್ನು ಕಂಡರೆ ಇಷ್ಟು ಹೆದರುವ ಯಂತ್ರವೊಂದು ಇದೆಯೆಂದು ತಿಳಿದಿರಲಿಲ್ಲ. ಶ, ಷ, ಸಗಳದೂ ಅದೇ ಕಥೆ. ಹಾಡಿನಲ್ಲಿ ಒಂದು ‘ಸ’ ಜೋರಾಗಿ ಬಂದರೆ ರಿವರ್ಬ್ ಅದನ್ನೇ ಹಿಡಿದುಕೊಂಡು, ಕಾದ ಹೆಂಚಿಗೆ ನೀರು ಚಿಮುಕಿಸಿದಂತೆ ಸೊಯ್ ಎಂದು ಹರಡುತ್ತದೆ. ಅದನ್ನು ಮೊದಲೇ ತಗ್ಗಿಸದೆ ರಿವರ್ಬಿಗೆ ಕೈ ಹಾಕಬಾರದು ಎಂದು ಅವನ ಕಟ್ಟಪ್ಪಣೆ.

ಅಮ್ಮ ಬಂದು ಸ್ಟೂಲಿನ ಮೇಲೆ ಕುಳಿತು ಬಾಯಿ ತೆಗೆದಳು. ಅರ್ಧ ಸಾಲಿಗೆ ನಿಲ್ಲಿಸಿದಳು. “ಇಲ್ಲಿ ದನಿ ಬಾಯಿಂದ ಆಚೆಗೇ ಹೋಗೂದಿಲ್ಲ” ಅಂದಳು. ಇನ್ನೊಮ್ಮೆ, ಮತ್ತೊಮ್ಮೆ. ಪ್ರತಿ ಸಲವೂ ಶ್ರುತಿ ಜಾರುತ್ತಿತ್ತು. ಈ ಸಂಕಟ ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಶಾಲೆಯಿಂದ ಭದ್ರಾವತಿ ಆಕಾಶವಾಣಿಗೆ ಮಕ್ಕಳ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದರು. ತೂತು ತೂತಿನ ಹಲಗೆಯ ಆ ಗೋಡೆಗಳ ನಡುವೆ ಬಾಗಿಲು ಮುಚ್ಚಿದ ಕೂಡಲೆ ಕಿವಿಗೆ ಹತ್ತಿ ಇಟ್ಟಂತಾಗಿ, ನನ್ನ ದನಿ ನನಗೇ ಅನಾಥವಾಗಿ ಕೇಳಿ, ಪದ್ಯದ ಎರಡನೆಯ ಸಾಲಿಗೇ ಅತ್ತುಬಿಟ್ಟಿದ್ದೆ. ಯಂತ್ರಕ್ಕೆ ಒಣ ದನಿ ಬೇಕು, ಹಾಡುವವರಿಗೆ ಹಸಿ ದನಿ ಬೇಕು. ಎರಡಕ್ಕೂ ಹೊಂದಿಸುವುದು ಹೇಗೆ?

ಹುಡುಗ ಹೆಡ್‌ಫೋನನ್ನು ಅಜ್ಜಿಯ ಕಿವಿಗೆ ಹಾಕಿದ. ಸೆರಗಿನ ಮೇಲೆ ಅದು ನಿಲ್ಲಲಿಲ್ಲ, ತುರುಬಿಗೆ ಸಿಕ್ಕಿಕೊಂಡಿತು, ಓಲೆಗೆ ಒತ್ತಿತು. ಅಂತೂ ಕೂತಿತು. ಆಮೇಲೆ ಅವನು ಮಾಡಿದ ಉಪಾಯ ಇಷ್ಟು: ರೆಕಾರ್ಡ್ ಆಗುವುದು ಒಣ ದನಿಯೇ, ಅಮ್ಮನ ಕಿವಿಗೆ ಮಾತ್ರ ಅವಳ ದನಿಯ ಜೊತೆಗೆ ರಿವರ್ಬ್ ಸೇರಿಸಿ ಕೊಡುವುದು. ಸ್ಟುಡಿಯೋಗಳಲ್ಲಿ ಎಲ್ಲರೂ ಹೀಗೇ ಮಾಡುತ್ತಾರಂತೆ. ಅಮ್ಮ ಹಸೆಗೆ ಕರೆಯುವ ಹಾಡಿನ ಮೊದಲ ಸಾಲನ್ನು ಎತ್ತಿದಳು. ಬಿಟ್ಟಳು. ತಟ್ಟನೆ ಹಿಂದಕ್ಕೆ ತಿರುಗಿ ನೋಡಿದಳು. ಅಲ್ಲಿ ನನ್ನ ನೀಲಿ ಸೀರೆ ತೂಗುತ್ತಿತ್ತು, ಅಷ್ಟೇ.

“ಹಿಂದೆ ಯಾರೇ ಹೇಳ್ತಿರೂದು?”

ನಾವಿಬ್ಬರೂ ಮಾತಾಡಲಿಲ್ಲ. ಹುಡುಗನೇ ಸುಧಾರಿಸಿಕೊಂಡು, “ಅದು ಮಷಿನ್ನು ಅಜ್ಜಿ, ನಿಮ್ಮ ದನಿಯನ್ನೇ ಸ್ವಲ್ಪ ಎಳೆದು ಬಿಡ್ತದೆ” ಅಂದ. ಅಮ್ಮ ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಎರಡು ಸಾಲು ಹೇಳಿ ನಿಲ್ಲಿಸಿದಳು. “ಅವಳಿಗೆ ಬೇಗ ಬಿಡ್ಲಿಕ್ಕೆ ಹೇಳು. ನಾನು ಮುಂದಿಂದು ಎತ್ತುವಾಗ ಅವಳಿನ್ನೂ ಹಿಂದಿಂದೇ ಎಳೀತಾ ಕೂತಿರ್ತಾಳೆ.” ‘ಅವಳು’ ಎಂದದ್ದನ್ನು ನಾವು ತಿದ್ದಲಿಲ್ಲ. ಹುಡುಗ ಲ್ಯಾಪ್‌ಟಾಪಿನಲ್ಲಿ ಬಾಲದ ಉದ್ದವನ್ನು ಎರಡೂವರೆ ಸೆಕೆಂಡಿನಿಂದ ಒಂದೂವರೆಗೆ ಇಳಿಸಿದ. ಇನ್ನೆರಡು ಸಾಲು. “ನಾನು ಬಾಯಿ ಮುಚ್ಚೂದ್ರೊಳಗೇ ಮೇಲೆ ಬೀಳ್ತಾಳೆ, ಮಾತು ತಿಳಿಯೂದಿಲ್ಲ. ಒಂದು ಚೂರು ತಡೆದು ಹಿಡೀಬೇಕು.” ಅದಕ್ಕೆ ಪ್ರೀ-ಡಿಲೇ ಎಂಬ ಹೆಸರಿದೆಯಂತೆ. ಹಾಡಿದ ದನಿಗೂ ರಿವರ್ಬ್ ಶುರುವಾಗುವುದಕ್ಕೂ ನಡುವೆ ಇಡುವ ಬಿಡುವು. ಹತ್ತು ಮಿಲಿಸೆಕೆಂಡ್ ಇದ್ದದ್ದನ್ನು ಮೂವತ್ತಕ್ಕೆ ಏರಿಸಿದ. ಮೂವತ್ತು ಮಿಲಿಸೆಕೆಂಡಿನಲ್ಲಿ ದನಿ ಹತ್ತು ಮೀಟರ್ ಹೋಗುತ್ತದೆ. ಎಂದರೆ ಹದಿನಾರು ಅಡಿ ಆಚೆಗಿನ ಗೋಡೆಗೆ ಹೋಗಿ ತಟ್ಟಿ ಬರುವಷ್ಟು ಹೊತ್ತು. ನಮ್ಮೂರಿನ ಜಗಲಿಯ ಅಳತೆ ಹೆಚ್ಚುಕಡಿಮೆ ಅದೇ. “ಗೊಗ್ಗರು ದನಿ ತೆಗೀಬೇಡ ಅನ್ನು” ಎಂದದ್ದಕ್ಕೆ ರಿವರ್ಬಿನೊಳಗಿನ ತಗ್ಗಿನ ಸ್ವರಗಳನ್ನು ಕತ್ತರಿಸಿದ. “ಕಿರುಚೂದೂ ಬೇಡ” ಎಂದದ್ದಕ್ಕೆ ಮೇಲಿನದನ್ನೂ ಸವರಿದ. ಕೊನೆಗೆ, “ನನಗಿಂತ ದೊಡ್ಡ ದನಿ ಮಾಡ್ಬಾರ್ದು. ಹಿಂದೆ ಇರಬೇಕು, ಇದ್ದಾರೆ ಅಂತ ಗೊತ್ತಾಗ್ಬಾರ್ದು, ಇಲ್ದಿದ್ರೆ ಮಾತ್ರ ಗೊತ್ತಾಗ್ಬೇಕು” ಅಂದಳು.

ಹುಡುಗ ಕೈ ಎತ್ತಿಬಿಟ್ಟ. ಎರಡು ವರ್ಷದ ಕೋರ್ಸಿನಲ್ಲಿ ಫೀಸು ಕಟ್ಟಿ ಕಲಿತದ್ದನ್ನೆಲ್ಲ ಅಜ್ಜಿ ಹತ್ತು ನಿಮಿಷದಲ್ಲಿ ಹೇಳಿದಳಂತೆ. ರಿವರ್ಬನ್ನು ಕಿವಿಗೆ ಕೇಳುವವರೆಗೆ ಏರಿಸಬೇಕು, ಕೇಳಿದ ಮೇಲೆ ಒಂದು ಚೂರು ಇಳಿಸಬೇಕು, ಆಮೇಲೆ ಪೂರ್ತಿ ತೆಗೆದು ನೋಡಿದಾಗ ಏನೋ ಕಳೆದುಹೋಯಿತು ಅನ್ನಿಸಬೇಕು. ಅವರ ಗುರುಗಳೂ ಹೇಳುತ್ತಿದ್ದದ್ದು ಇದೇ. ಆಗ ನನಗೆ ಹೊಳೆಯಿತು, ಅಮ್ಮ ಯಂತ್ರವನ್ನು ತಿದ್ದುತ್ತಿರಲಿಲ್ಲ. ಹಿಂದೆ ಹೇಳಲು ಹೊಸದಾಗಿ ಬಂದ ಸೊಸೆಯನ್ನು ಹೇಗೆ ತಿದ್ದುತ್ತಿದ್ದಳೋ ಹಾಗೆ ತಿದ್ದುತ್ತಿದ್ದಳು. ಅವತ್ತು ಸಂಜೆಯ ಹೊತ್ತಿಗೆ ಒಂಬತ್ತು ಹಾಡು ಆದವು. ಹೆಡ್‌ಫೋನ್ ತೆಗೆಯುವಾಗ, “ಮಷಿನ್ನಾದ್ರೂ ಹೇಳಿದ್ದು ಕೇಳ್ತದೆ. ನಿನ್ನ ಚಿಕ್ಕಮ್ಮ ಕೇಳ್ತಿರ್ಲಿಲ್ಲ” ಎಂದು ಬಚ್ಚಲುಮನೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

ಹುಡುಗ ರಜೆ ಮುಗಿಸಿ ಹೋದ. ಉಳಿದದ್ದು ನನ್ನ ಪಾಲಿಗೆ. ಆಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಹಾಕಿಸಿಕೊಂಡೆ. ಅದರ ರಿವರ್ಬಿನಲ್ಲಿ ಸಿದ್ಧ ಮಾಡಿಟ್ಟ ಕೋಣೆಗಳ ಪಟ್ಟಿಯೊಂದಿದೆ: ಸಣ್ಣ ಕೋಣೆ, ದೊಡ್ಡ ಕೋಣೆ, ಚರ್ಚು, ಕೆಥೀಡ್ರಲ್ಲು, ಬಾತ್‌ರೂಮೂ ಇದೆ. ಬಾತ್‌ರೂಮು ನೋಡಿ ನಗಬೇಡಿ. 1947ರಲ್ಲಿ ಷಿಕಾಗೋದ ಬಿಲ್ ಪಟ್ನಮ್ ಎಂಬಾತ ಸ್ಟುಡಿಯೋದ ಬಚ್ಚಲುಮನೆಯಲ್ಲಿ ಒಂದು ಸ್ಪೀಕರು, ಒಂದು ಮೈಕು ಇಟ್ಟು ಸಂಗೀತಕ್ಕೆ ರಿವರ್ಬ್ ಕೊಟ್ಟ. ಆ ರೆಕಾರ್ಡು ಲಕ್ಷಗಟ್ಟಲೆ ಮಾರಾಟವಾಯಿತು. ಹತ್ತು ವರ್ಷದ ಮೇಲೆ, 1957ರಲ್ಲಿ, ಜರ್ಮನಿಯವರು ತೂಗುಹಾಕಿದ ಉಕ್ಕಿನ ತಗಡನ್ನು ಕಂಪಿಸುವಂತೆ ಮಾಡಿ ರಿವರ್ಬ್ ಹುಟ್ಟಿಸುವ ಯಂತ್ರ ತಂದರು. ಅದರ ತೂಕ ಸುಮಾರು 270 ಕಿಲೋ. ಅದೆಲ್ಲ ಈಗ ಒಂದು ಗುಂಡಿಯೊಳಗೆ ಬಂದು ಕೂತಿದೆ. ಪಟ್ಟಿಯಲ್ಲಿ ಜಗಲಿ ಮಾತ್ರ ಇಲ್ಲ, ದೇವಸ್ಥಾನದ ಪ್ರಾಂಗಣವೂ ಇಲ್ಲ. ನಾವೇ ಕಟ್ಟಿಕೊಳ್ಳಬೇಕು. ಒಣ ಹಾಡಿನ ಒಂದು ಪ್ರತಿ ಮಾಡಿ, ಆ ಪ್ರತಿಗೆ ‘ವೆಟ್ ಓನ್ಲಿ’ ಎಂದು ಗುರುತು ಹಾಕಿ ಬರೀ ರಿವರ್ಬನ್ನು ತುಂಬುವುದು, ಅಸಲು ಪ್ರತಿಯನ್ನು ಮುಟ್ಟದೆ ಪಕ್ಕದಲ್ಲೇ ಓಡಿಸುವುದು. ಆಗ ಹಿಂದಿನದನ್ನು ಎಷ್ಟು ಬೇಕಾದರೂ ಏರಿಸಿ ಇಳಿಸಬಹುದು, ಮುಂದಿನದಕ್ಕೆ ಏನೂ ಆಗುವುದಿಲ್ಲ. ಕೋಣೆಯ ಗಾತ್ರ 75 ಇದ್ದದ್ದನ್ನು 40ಕ್ಕೆ ತಂದೆ. ತಗ್ಗಿನ ಸ್ವರವನ್ನು ಅರ್ಧ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಸ್ವರ್ಗದಂತೆ ಕೇಳಿದ್ದು ಬೆಳಗ್ಗೆ ಕಾಫಿಯ ಹೊತ್ತಿಗೆ ಗೋಳಗುಮ್ಮಟವಾಗಿರುತ್ತಿತ್ತು. ದಣಿದ ಕಿವಿಗೆ ರಿವರ್ಬ್ ಸಾಲದು, ಸಾಲದು ಅನ್ನಿಸುತ್ತದೆ. ಉತ್ತರಪತ್ರಿಕೆ ತಿದ್ದುವವರಿಗೆ ಈ ಅನುಭವ ಇದ್ದೇ ಇದೆ. ರಾತ್ರಿ ಕೊಟ್ಟ ಅಂಕ ಬೆಳಗ್ಗೆ ನೋಡಿದರೆ ಕೈ ನಡುಗುತ್ತದೆ.

ಇನ್ನು ಆ ಒಪ್ಪಿಸುವ ಹಾಡು. ಉಳಿದಿದ್ದದ್ದು ಬಾವಿಯ ಕೊಡದ ಪ್ರತಿಯೊಂದೇ. ಅದನ್ನು ಸರಿಮಾಡಲಾಗದು, ಮಾತನ್ನಾದರೂ ಉಳಿಸೋಣ ಎಂದು ಬರೆದುಕೊಳ್ಳಲು ಕೂತೆ. ಹದಿಮೂರು ನುಡಿಗೆ ನನಗೆ ಹನ್ನೊಂದು ರಾತ್ರಿ ಹಿಡಿಯಿತು. ಹಿಂದಿನ ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬಿದ್ದು ವ್ಯಂಜನಗಳೆಲ್ಲ ಕರಗಿಹೋಗಿದ್ದವು, ಸ್ವರಗಳಷ್ಟೇ ತೇಲುತ್ತಿದ್ದವು. ಒಂದು ಬಿಟ್ಟು ಎಲ್ಲವನ್ನೂ ಬಿಡಿಸಿದೆ. ಎಂಟನೆಯ ನುಡಿಯಲ್ಲಿ ಹೆಣ್ಣು ಬಂಡಿ ಹತ್ತಿ ಹಿಂದಕ್ಕೆ ತಿರುಗಿ ನೋಡುತ್ತಾಳೆ. ನೋಡುವುದು ತವರಿನ ಏರಿಯನ್ನೋ, ತವರಿನ ಕೇರಿಯನ್ನೋ? ನಡುವೆ ಒಂದು ‘ಕ’ ಇದೆಯೋ ಇಲ್ಲವೋ. ಕೆರೆಯ ಏರಿಯಾದರೆ ಹುಡುಗಿ ಊರನ್ನು ದಾಟಿಯಾಯಿತು ಎಂದರ್ಥ. ಕೇರಿಯಾದರೆ ಇನ್ನೂ ಮನೆಯ ಮುಂದೆಯೇ ಇದ್ದಾಳೆ. ಅಮ್ಮನನ್ನು ಹತ್ತು ಸಲ ಕೇಳಿದೆ. “ಹೇಳ್ತಾ ಬಂದ್ರೆ ಬರ್ತದೆ. ಹಾಂಗೆ ಕೇಳಿದ್ರೆ ಎಲ್ಲಿಂದ ತರ್ಲಿ?” ಅಂದಳು. ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟೆ.

ಮದುವೆ 2024ರ ಫೆಬ್ರವರಿಯಲ್ಲಿ. ನಾನು ಹದಿನೈದು ದಿನ ಕಿವಿ ತೇಯ್ದು ಮಾಡಿದ ಹಾಡನ್ನು ಕಲ್ಯಾಣಮಂಟಪದ ಮೈಕಿನ ಹುಡುಗ ಹಾಕಿದ. ಮೂವತ್ತು ಅಡಿ ಎತ್ತರದ ಸೂರು, ಗ್ರಾನೈಟ್ ನೆಲ, ಕಬ್ಬಿಣದ ಕುರ್ಚಿ. ನನ್ನ ಜಗಲಿಯ ರಿವರ್ಬಿನ ಮೇಲೆ ಮಂಟಪದ ರಿವರ್ಬ್ ಬಂದು ಕೂತು ಅಮ್ಮ ಮತ್ತೆ ಬಾವಿಗೆ ಬಿದ್ದಳು. ನಾನು ಕಂಗಾಲಾದೆ. ಅಣ್ಣನ ಮಗ ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಓಡಿಬಂದ. “ಅತ್ತೆ, ಒಣದ್ದು ಹಾಕಿ! ಮಂಟಪ ತಾನೇ ಹಾಕಿಕೊಳ್ತದೆ ಅದರ ರಿವರ್ಬು!” ಒಣ ಪ್ರತಿ ಪೆನ್‌ಡ್ರೈವಿನಲ್ಲಿತ್ತು. ಸೀರೆಯ ಕೋಣೆಯಲ್ಲಿ ಅನಾಥವಾಗಿದ್ದ ಆ ದನಿ ಮಂಟಪಕ್ಕೆ ಬಿದ್ದ ಕೂಡಲೆ ಎದ್ದು ಕೂತಿತು. ಊರ ಕಡೆಯ ಎರಡು ಮೂರು ಮುದುಕಿಯರು ಊಟದ ಪಂಕ್ತಿಯ ಸರದಿ ಬಿಟ್ಟು ಸ್ಪೀಕರಿನ ಕಂಬದ ಹತ್ತಿರ ಬಂದು ನಿಂತರು.

ಒಪ್ಪಿಸುವ ಹೊತ್ತಿಗೆ ಹಾಕಲು ನಮ್ಮಲ್ಲಿ ಒಣ ಪ್ರತಿ ಇರಲಿಲ್ಲ. ಮೈಕಿನ ಹುಡುಗ, “ಮೇಡಂ, ಮುಂದಿಂದು ಯಾವುದು?” ಎಂದು ಕೇಳುತ್ತಿದ್ದ. ನಾನು ಇಲ್ಲ ಎಂದು ಕೈ ಆಡಿಸಿದೆ. ಮದುಮಗಳು ಅಜ್ಜಿಯ ಕಾಲಿಗೆ ಬಿದ್ದು ಎದ್ದಳು. ಆಗ ಅಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲಿಂದಲೇ, ಮೈಕಿಲ್ಲದೆ, ಮೊದಲ ಸಾಲನ್ನು ಎತ್ತಿದಳು. ಬಿಟ್ಟಳು. ಹಿಂದೆ ಯಾರೂ ಹಿಡಿಯಲಿಲ್ಲ. ಅವಳು ನನ್ನ ಕಡೆ ನೋಡಿದಳು. ನನಗೆ ದನಿಯಿಲ್ಲ, ಇದ್ದ ಅಷ್ಟಿಷ್ಟೂ ಕಪ್ಪುಹಲಗೆಯ ಮುಂದೆ ಹೋಗಿದೆ. ಆದರೂ ಕುರ್ಚಿಯ ಎಡಕ್ಕೆ ಸ್ವಲ್ಪ ಹಿಂದೆ, ಚಿಕ್ಕಮ್ಮ ಕೂರುತ್ತಿದ್ದ ಕಡೆ, ನೆಲದ ಮೇಲೆ ಕೂತು ಹಿಡಿದೆ. ಎರಡನೆಯ ನುಡಿಗೆ ನಾನು ಎಳೆದೆ ಎಂದು ಭುಜಕ್ಕೆ ಚಿವುಟಿದಳು. ಐದನೆಯ ನುಡಿಯಿಂದ ನೋಟ್‌ಬುಕ್ ತೆಗೆದು ಪ್ರತಿ ಸಾಲಿನ ಮೊದಲನ್ನು ಅವಳ ಒಳ್ಳೆಯ ಕಿವಿಗೆ ಹೇಳುತ್ತ ಹೋದೆ. ಅವಳು ಎತ್ತುತ್ತ ಹೋದಳು. ಎಂಟನೆಯದು ಬಂತು. ಬಂಡಿ ಹತ್ತಿಸಿದೆ, ಹಿಂದಕ್ಕೆ ತಿರುಗಿಸಿದೆ, ಅಲ್ಲಿಗೆ ನಾನು ಸುಮ್ಮನಾದೆ. ಅಮ್ಮ ನಿಲ್ಲಲಿಲ್ಲ. ಸಾಲು ಪೂರ್ತಿ ಹೇಳಿ ಮುಗಿಸಿದಳು. ಅಷ್ಟರಲ್ಲಿ ಹೊರಗೆ ಕಾರು ಬಂತೆಂದು ಯಾರೋ ಕೂಗಿದರು, ವಾಲಗದವರು ಜೋರಾಗಿ ಹಿಡಿದರು, ಅದೆಲ್ಲ ಸೂರಿಗೆ ತಾಗಿ ನಮ್ಮ ಮೇಲೆ ಸುರಿಯಿತು. ಹಿಂದೆ ಹೇಳಬೇಕಾದವಳು ನಾನು, ಏನೆಂದು ಹೇಳಲಿ? ಬಾಯಿಗೆ ಬಂದದ್ದು ಗೊಣಗಿ ಸಾಲು ದಾಟಿಸಿದೆ.

ರಾತ್ರಿ ಮನೆಗೆ ಬಂದು ಕಾಲಿಗೆ ಎಣ್ಣೆ ಹಚ್ಚುವಾಗ ಕೇಳಿದೆ. “ಏರಿ ಅಂದ್ಯಾ, ಕೇರಿ ಅಂದ್ಯಾ?”

“ನೀನು ಹೇಳಿಕೊಟ್ಟದ್ದನ್ನೇ ಅಂದೆ ಕಣೇ” ಅಂದಳು ಅಮ್ಮ, ನಿದ್ದೆಗಣ್ಣಿನಲ್ಲಿ.